ಕ್ಯಾಲೆಂಡರ್ ಹಾಳೆಯ ಹಿಂಬದಿ

ನಮ್ಮ ಮನೆಯಲ್ಲಿ ಕವಿ ಎಂದರೆ ನಾನು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಕೂಡ್ಲಿಗಿಯ ಕವಿಗೋಷ್ಠಿಯಲ್ಲಿ ಹೊದಿಸಿದ ಶಾಲು ಟ್ರಂಕಿನಲ್ಲಿದೆ. ಭಾನುವಾರದ ಪತ್ರಿಕೆಯಲ್ಲಿ ಬಂದ ಕವನ ಫ್ರೇಮ್ ಹಾಕಿಸಿಕೊಂಡು ನಡುಮನೆಯ ಗೋಡೆಯ ಮೇಲಿದೆ. ಇಂಥ ಮನೆಯಲ್ಲಿ ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ತಾನೂ ಬರೆಯತೊಡಗಿದಳು.

ಆಗ ಅವಳಿಗೆ ನಿದ್ದೆ ಸರಿ ಇರಲಿಲ್ಲ. ಸಣ್ಣದಕ್ಕೆಲ್ಲ ಸಿಡುಕುವುದು, ಆಮೇಲೆ ಒಳಗೆ ಹೋಗಿ ಅಳುವುದು. ಒಂದು ದಿನ ಕೇಳಿದಳು: "ಅಕ್ಕಾ, ಕವನ ಹೆಂಗ ಬರೀಬೇಕು?"

ನಾನು ದೊಡ್ಡವಳ ಗತ್ತಿನಲ್ಲಿ, "ಅದು ತಾನಾಗೇ ಹುಟ್ಟಬೇಕವ್ವ. ದಿನಾ ಕುಂತು ಬರಿಯಾಕ ಅದೇನು ರೊಟ್ಟಿ ಬಡಿಯೂ ಕೆಲಸಲ್ಲ" ಅಂದೆ.

"ಹಂಗಾದ್ರ ಅದು ಹುಟ್ಟೂಮಟ ನಾನು ಗೀಚ್ಕೋಂತ ಇರ್ತೀನಿ ಬಿಡು" ಎಂದು ನಕ್ಕಳು.

ಮರುದಿನದಿಂದಲೇ ಶುರು. ತನ್ನ ಮಕ್ಕಳು ಸ್ಕೂಲ್ ಬಸ್ ಹತ್ತಿದ ಮೇಲೆ ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿಯುತ್ತಾಳೆ, ಅದರ ಹಿಂಬದಿಗೆ ನಾಲ್ಕು ಸಾಲು ಬರೆಯುತ್ತಾಳೆ, ಆಮೇಲೇ ಚಹಾ. ಮೊದಮೊದಲು ಬರೆದವನ್ನು ನನಗೇ ತಂದು ತೋರಿಸಿದಳು. ಬಸ್ಸು ಬಂತು, ಬಸ್ಸು ಹೋಯಿತು, ಹಾಲು ಉಕ್ಕಿತು, ಇಂಥವೇ ಸಾಲು. ಕವನವೆನ್ನಲು ಅದರಲ್ಲಿ ಏನೂ ಇರಲಿಲ್ಲ. ನಾನು ಕತ್ತು ವಾಲಿಸಿ, "ಛಲೋ ಅದಾವ ಬಿಡವ್ವ" ಅಂದೆ. ಒಳಗೊಳಗೇ ಪೇಡೆ ತಿಂದಷ್ಟು ಖುಷಿಯಾಗಿತ್ತು.

ಆ ಖುಷಿ ಬಹಳ ದಿನ ಬಾಳಲಿಲ್ಲ. ವರ್ಷ ತಿರುಗುವುದರೊಳಗೆ ಅವಳು ಬೇರೆಯೇ ಹೆಂಗಸಾಗಿದ್ದಳು. ಹಾಸಿಗೆಗೆ ತಲೆ ಕೊಟ್ಟರೆ ಸಾಕು, ನಿದ್ದೆ. ಸಿಡುಕು ಬಂದರೂ ಬೆಳಗಿನ ಹಾಳೆಯ ಮೇಲೆ ಕಾರಿಕೊಂಡು ಮುಗಿಸುತ್ತಿದ್ದಳು. ಸಂತೆಗೆ ಹೋಗಿಬಂದ ಕಥೆ ಹೇಳಿದರೆ ಅತ್ತೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಗೋಡೆಯ ಮೇಲಿನ ನನ್ನ ಕವನದಲ್ಲಿ ಏನಿದೆ ಎಂದು ಒಮ್ಮೆಯೂ ಕೇಳದ ಅತ್ತೆ, ದಿನಾ ಬೆಳಿಗ್ಗೆ ಅವಳನ್ನು, "ಇವತ್ತೇನು ಬರದೀ? ಓದು ಕೇಳೂನು" ಅನ್ನುತ್ತಾರೆ! ಬರೆದದ್ದನ್ನಾದರೂ ಜೋಪಾನ ಮಾಡುತ್ತಾಳೆಯೇ? ಅದೂ ಇಲ್ಲ. ಒಂದು ಸಂಜೆ ಮಂಡಕ್ಕಿಯ ಜೊತೆ ತಿನ್ನಲು ಕೊಟ್ಟ ಮಿರ್ಚಿ ಬಜ್ಜಿಯ ಕೆಳಗೆ, ಎಣ್ಣೆ ಹೀರಲೆಂದು ಹಾಸಿದ್ದು ಅದೇ ಹಾಳೆ. ಎಣ್ಣೆಯಲ್ಲಿ ನೆನೆದ ಒಂದು ಸಾಲು ನನಗೇ ಹೊಳೆದಿದ್ದರೆ ಅದಕ್ಕೊಂದು ಶೀರ್ಷಿಕೆ ಕೊಟ್ಟು ಪತ್ರಿಕೆಗೆ ಕಳಿಸುತ್ತಿದ್ದೆ. ಅವತ್ತು ಮಿರ್ಚಿ ಬದಿಗಿಟ್ಟು ಬರೀ ಮಂಡಕ್ಕಿ ತಿಂದೆ.

ಹೊಳಲಿಗೆ ಕೊಟ್ಟ ನನ್ನ ಮಗಳು ಬಸುರಿಯಾದಳು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಆರತಿ ಬೆಳಗುವ ಕುಬಸಕ್ಕೆ ದಿನ ಗೊತ್ತಾಯಿತು. ಆರತಿಯಾದ ಮೇಲೆ ಹೆಂಗಸರು ಗಂಡನ ಹೆಸರು ಹೇಳಿಸದೆ ಬಿಡುವುದಿಲ್ಲ. ಬರಿದೇ ಹೇಳುವಂತೆಯೂ ಇಲ್ಲ. ಪ್ರಾಸದ ಎರಡು ಸಾಲು ಕಟ್ಟಿ, ಅದರ ತುದಿಗೆ ಹೆಸರು ಕೂಡಿಸಿ ಒಡಪು ಹೇಳಬೇಕು. ಮಗಳು ಫೋನು ಮಾಡಿದಳು.

"ಯವ್ವಾ, ಹಳೇ ಒಡಪು ಬ್ಯಾಡ, ಅವು ಎಲ್ಲಾರಿಗೂ ಬಾಯಿಪಾಠ ಅದಾವ. ನಮ್ಮವ್ವ ಕವಿ ಅದಾಳ ಅಂತ ಇಲ್ಲೆ ಎಲ್ಲಾರ ಮುಂದ ಹೇಳೀನಿ. ಹೊಸಾದು ನೀನ ಕಟ್ಟಿಕೊಡಬೇಕು."

ಕಟ್ಟಿಕೊಡುತ್ತೇನೆ ಅಂದೆ. ಎರಡು ಸಾಲು ಯಾವ ಲೆಕ್ಕ? ತಾನಾಗೇ ಹುಟ್ಟಲೆಂದು ಕಾದೆ. ಕುಬಸದ ದಿನ ಬಂತೇ ಹೊರತು ಆ ಎರಡು ಸಾಲು ಬರಲಿಲ್ಲ. ಜೀಪು ಹಡಗಲಿ ದಾಟಿತು, ಮಲ್ಲಿಗೆ ತೋಟಗಳು ಹಿಂದೆ ಸರಿದವು, ನನ್ನ ತಲೆಯಲ್ಲಿ ಒಂದು ಅಕ್ಷರವಿಲ್ಲ. ಪಕ್ಕದಲ್ಲಿ ನೆಗೆಣ್ಣಿ ತೊಡೆಯ ಮೇಲೆ ಕ್ಯಾಲೆಂಡರ್ ಹಾಳೆ ಇಟ್ಟುಕೊಂಡು, ಅಷ್ಟು ಕುಲುಕಾಟದಲ್ಲೂ ಬರೆಯುತ್ತಿದ್ದಳು. ಅವಳನ್ನು ಕೇಳುವುದಕ್ಕಿಂತ ಜೀಪಿನಿಂದ ಇಳಿದು ನಡೆದುಹೋಗುವುದೇ ಮೇಲು ಅನ್ನಿಸಿತ್ತು.

ನಾನು ಕೇಳಲಿಲ್ಲ. ಅವಳೇ ಹಾಳೆ ಮಡಿಚಿ ನನ್ನ ಅಂಗೈಗೆ ತುರುಕಿದಳು.

"ಅಕ್ಕಾ, ನೀನ ಆಕಿಗೆ ಕೊಡು. ನಂದು ಅಂತ ಹೇಳಬ್ಯಾಡ."

ಜಂಬ ಕೊಚ್ಚಿಕೊಂಡಿದ್ದರೆ ಬೈದು ಹಗುರಾಗಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ ಪುಣ್ಯಾತ್ಗಿತ್ತಿ. ಬಳೆ ತೊಡಿಸುವಾಗ ಮಗಳ ಕಿವಿಯಲ್ಲಿ ಎರಡೂ ಸಾಲು ಊದಿದೆ. ಆರತಿಯಾಯಿತು, ಹೆಂಗಸರು ಪಟ್ಟು ಹಿಡಿದರು, ಮಗಳು ತಲೆ ತಗ್ಗಿಸಿಕೊಂಡು ಹೇಳಿದಳು:

"ನಸುಕಿನ್ಯಾಗ ಎದ್ದು ಮಲ್ಲಿಗಿ ಬಿಡಸಾಕ ಹೊಂಟಾರ,
ನನ್ನ ನಿದ್ದಿ ಕೆಟ್ಟೀತಂತ ಕೆರವ ಕೈಯಾಗ ಹಿಡದಾರ."

ಗಂಡನ ಹೆಸರು ಯಾರಿಗೂ ಕೇಳಿಸಲೇ ಇಲ್ಲ, ಅಷ್ಟು ನಗು. ಬಾಗಿಲಲ್ಲಿ ನಿಂತಿದ್ದ ಅಳಿಯ ನಾಚಿ ಹೊರಗೆ ಓಡಿದ. ಬೀಗಿತ್ತಿ ನನ್ನ ಕೈ ಹಿಡಿದು, "ಕವಿ ಅಂದ್ರ ಖರೇನ ಕವಿ ಅದೀರಿ ಬಿಡ್ರಿ" ಅಂದರು. ನಾನು ನಕ್ಕೆ. ನಗದೆ ಏನು ಮಾಡಲಿ?

ಹೀಗೆ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುವ ಅಳಿಯನನ್ನು ನೆಗೆಣ್ಣಿ ಕಂಡದ್ದು ದೀಪಾವಳಿ ಮುಗಿದ ಮೇಲೆ ನಾವಿಬ್ಬರೂ ಮಗಳ ಮನೆಗೆ ಹೋದಾಗ. ಅದೇ ನಸುಕಿನಲ್ಲಿ, ಅದೇ ಪಡಸಾಲೆಯಲ್ಲಿ ನಾನೂ ಎಚ್ಚರವಾಗಿದ್ದೆ. ಮಲ್ಲಿಗೆಯ ಕಂಪಿನ ಬಗ್ಗೆ ಒಂದು ಘನವಾದ ಸಾಲನ್ನು ಯೋಚಿಸುತ್ತ ಮಲಗಿದ್ದೆ.

ಊರಿಗೆ ಬಂದು ಮುಟ್ಟುವಷ್ಟರಲ್ಲಿ ಮಗಳ ಫೋನು.

"ಒಡಪು ಬಾಳ ಛಲೋ ಇತ್ತು ಅಂತ ಚಿಗವ್ವಗ ಹೇಳು."

"ಯಾಕ, ಚಿಗವ್ವಗ ಯಾಕ?"

"ನಿನ್ನ ಕವನದಾಗ ಕೆರ ಎಲ್ಲಿ ಬರತಾವಬೇ?" ಎಂದು ನಕ್ಕು ಫೋನಿಟ್ಟಳು.

ಮರುದಿನ ನೆಗೆಣ್ಣಿಗಿಂತ ಮೊದಲೇ ಎದ್ದು ನಿನ್ನೆಯ ಹಾಳೆಯನ್ನು ನಾನು ಹರಿದುಕೊಂಡೆ. ಅತ್ತೆಯ ಈರುಳ್ಳಿಯ ಬಗ್ಗೆ ನಾಲ್ಕು ಸಾಲು ಬರೆದೆ. ಹೊಡೆದುಹಾಕಿ ಮತ್ತೆ ಬರೆದೆ. ಮಕ್ಕಳನ್ನು ಬಸ್ಸಿಗೆ ಬಿಟ್ಟು ಬಂದವಳು ಗೋಡೆ ನೋಡಿದಳು, ನನ್ನ ಕೈ ನೋಡಿದಳು, ಹಾಳೆ ಇಸಿದುಕೊಂಡು ಓದಿದಳು. ಕತ್ತು ವಾಲಿಸಿದಳು.

"ಛಲೋ ಅದಾವ ಬಿಡಕ್ಕಾ."

ಆ ದನಿ ನನಗೆ ಚೆನ್ನಾಗಿ ಗೊತ್ತು. ಸಂಜೆ, ಗಿರಾಕಿಗಳಿಗೆ ಪುಕ್ಕಟೆ ಕ್ಯಾಲೆಂಡರ್ ಹಂಚುವ ಗೊಬ್ಬರದ ಅಂಗಡಿಗೆ ಹೋಗಿ ನನ್ನದೇ ಒಂದು ಕೇಳಿ ತಂದೆ.