ಶುಕ್ರವಾರ ಹೊರಡದ ಕರು

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ಸು ಹತ್ತಿದಾಗಲೇ ಮಂಡಿ ನೋಯುತ್ತಿತ್ತು. ಟಿಕೆಟ್ಟಿಗೆ ಮೂರು ರೂಪಾಯಿ ಕೊಟ್ಟು, ತಿಲಕ್ ನಗರ ದಾಟುವವರೆಗೂ ನಿಂತೇ ಹೋದೆ. ಬೇಸಾಯದ ಬಡ ಮನೆಗಳಿಗೆ ಹಸು ಕೊಡುವುದು ನಮ್ಮ ಬೀದಿಯ ಮಹಿಳಾ ಸಂಘದ ಕೆಲಸ. ದುಡ್ಡು ವಾಪಸ್ಸು ಬೇಡ, ಹುಟ್ಟುವ ಮೊದಲ ಹೆಣ್ಣುಕರುವನ್ನು ಇನ್ನೊಂದು ಮನೆಗೆ ಕೊಟ್ಟರಾಯಿತು. ಹೇಳುವುದಕ್ಕೇನೋ ಸುಲಭ. ಒಂದೇ ಕರುವಿಗಾಗಿ ಇದು ನನ್ನ ಮೂರನೇ ಓಡಾಟ.

ತೊಂಬತ್ತರ ದಶಕದಲ್ಲಿ ಗೊಟ್ಟಿಗೆರೆ ದಾಟಿದರೆ ಇನ್ನೂ ರಾಗಿ ಹೊಲಗಳಿದ್ದವು. ಬಸ್ಸಿಳಿದು ಬಿಸಿಲಿನಲ್ಲಿ ಎರಡು ಮೈಲಿ ನಡೆದು ರತ್ನಮ್ಮನ ಮನೆ ಸೇರಿದೆ. ನಾವು ಕೊಟ್ಟ ಹಸು ಅವಳ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು, ಪಕ್ಕದಲ್ಲೇ ಅದರ ಹೆಣ್ಣುಕರು. ಕರು ಪಡೆಯಬೇಕಾದ ಗೌರಮ್ಮ ಹೊಸ ಹಗ್ಗ, ಅರಿಶಿನ, ಕುಂಕುಮ ಹಿಡಿದು ಆಗಲೇ ಬಂದು ಕುಳಿತಿದ್ದಳು. ಗಂಡ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಅವಳ ಮನೆ ನಡೆಯುತ್ತಿದ್ದುದು ಕೂಲಿಯಲ್ಲೇ. ಈ ಕರು ಬೆಳೆದು ಹಾಲು ಕೊಟ್ಟರೆ ಡೈರಿಗೆ ಹಾಕಬಹುದೆಂಬುದೊಂದೇ ಅವಳ ಆಸೆ.

ರತ್ನಮ್ಮ ನನಗೆ ಮಜ್ಜಿಗೆ ಕೊಟ್ಟು ನಿಧಾನವಾಗಿ ಹೇಳಿದಳು: "ಇವತ್ತು ಶುಕ್ರವಾರ ಅಲ್ವಾ ಮೇಡಂ? ಮನೆ ಲಕ್ಷ್ಮೀನ ಆಚೆ ಕಳಿಸ್ತಾರಾ? ನಾಳೆ ಬನ್ನಿ."

ನನಗೆ ಅಳು ಬರುವುದೊಂದು ಬಾಕಿ. ಕರುವನ್ನು ಮನೆ ತುಂಬಿಸಿಕೊಳ್ಳುವವರಿಗೆ ಒಳ್ಳೆಯ ದಿನವೆಂದು ಸಂಘದಲ್ಲಿ ಕ್ಯಾಲೆಂಡರ್ ನೋಡಿ ಶುಕ್ರವಾರ ಇಟ್ಟವರು ನಾವೇ. ನಮ್ಮ ಮನೆಗಳಲ್ಲೂ ಶುಕ್ರವಾರ ಯಾರಿಗೂ ಏನನ್ನೂ ಕೊಡುವುದಿಲ್ಲ. ಆದರೆ ಕಳಿಸುವವರ ಮನೆಯನ್ನು ಒಬ್ಬರೂ ನೆನೆಯಲಿಲ್ಲ.

"ನಿನ್ನ ನಾಳೆ ನನಗೆ ಗೊತ್ತು ಕಣಕ್ಕ," ಎಂದಳು ಗೌರಮ್ಮ. "ಮೊದ್ಲು ಹಾಲು ಬಿಡ್ಲಿ ಅಂದೆ. ಆಮೇಲೆ ಆಷಾಢ ಅಂದೆ. ಈಗ ಶುಕ್ರವಾರ."

"ಸುಳ್ಳು ಹೇಳ್ತಿದೀನಾ? ಶುಕ್ರವಾರ ಹೌದೋ ಅಲ್ವೋ?"

ಶುಕ್ರವಾರವಂತೂ ಹೌದು. ಆದರೆ ರತ್ನಮ್ಮನ ಕೈ ಕರುವಿನ ಕುತ್ತಿಗೆಯಡಿಯ ಗಂಗೆದೊಗಲನ್ನು ಸವರುತ್ತಲೇ ಇತ್ತು. ಅವಳಿಗೆ ಕೊಡುವ ಮನಸ್ಸಿಲ್ಲ ಎಂಬುದೂ ನಿಜ. ನಾನು ಯಾರ ಪರ ಮಾತಾಡಲಿ? ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನು ನೋಡಿಯೂ ಸಂಕಟವಾಯಿತು.

ಗೌರಮ್ಮ ಎದ್ದಳು. ಕರುವಿನ ಹಣೆಗೆ ಕುಂಕುಮವಿಟ್ಟು, ಕುತ್ತಿಗೆಗೆ ಹೊಸ ಹಗ್ಗ ಕಟ್ಟಿ, ತುದಿಯನ್ನು ಕೈಗೆ ಸುತ್ತಿಕೊಂಡು ಕೊಟ್ಟಿಗೆಯಲ್ಲೇ ಕುಳಿತಳು. "ಶನಿವಾರ ಬೆಳಕು ಹರೀಲಿ. ನಾನಿಲ್ಲೇ ಇರ್ತೀನಿ."

ರತ್ನಮ್ಮ ದುಮುಗುಡುತ್ತ ಒಳಗೆ ಹೋದಳು.

ಐದರ ಬಸ್ಸು ತಪ್ಪಿದರೆ ನನಗೆ ಬೇರೆ ಗತಿ ಇರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟವಳು ಬೇಲಿಯ ಹತ್ತಿರ ಹಿಂತಿರುಗಿ ನೋಡಿದೆ. ರತ್ನಮ್ಮ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಗೌರಮ್ಮನ ಮುಂದಿಟ್ಟು, ತಾನೂ ಅಲ್ಲೇ ಕುಕ್ಕರಿಸಿದಳು. ಗೌರಮ್ಮ ಬಲಗೈಯಲ್ಲಿ ಮುದ್ದೆ ಮುರಿದಳು. ಎಡಗೈಯ ಹಗ್ಗವನ್ನು ಮಾತ್ರ ಬಿಡಲಿಲ್ಲ.