ಹೊರಡದ ಕಾರಿಗೆ ಗಾಳಿ

ನಮ್ಮ ಕಾರು ಅಂಗಳ ಬಿಟ್ಟು ಹೊರಗೆ ಹೋಗಿ ನಾಲ್ಕು ವರ್ಷವಾಯಿತು. ಆದರೂ ಪ್ರತಿ ಭಾನುವಾರ ಅದರ ನಾಲ್ಕೂ ಟೈರಿನ ಗಾಳಿ ನೋಡಲೇಬೇಕು. ನೋಡುವವರು ಅಪ್ಪ, ಕಾಲಿನ ಪಂಪು ತುಳಿಯುವವಳು ನಾನು.

ಇದು ಹುಚ್ಚಲ್ಲ, ಕೋರ್ಟು. ಲಗ್ಗೆರೆಯಲ್ಲಿ ತಾತ ಬಿಟ್ಟುಹೋದ ಜಾಗದಲ್ಲಿ ರಸ್ತೆ ಕಡೆಯದು ಚಿಕ್ಕಪ್ಪನಿಗೆ, ಹಿಂದಿನದು ಅಪ್ಪನಿಗೆ ಬಂತು. ನಮಗೆ ಓಡಾಡಲು ಒಂಬತ್ತಡಿ ದಾರಿ ಎಂದು ತಾತ ಹೇಳಿದ್ದು ಅಪ್ಪನ ಕಿವಿಗೆ ಬಿದ್ದಿತ್ತು, ಚಿಕ್ಕಪ್ಪನ ಕಿವಿಗೆ ಬಿದ್ದಿರಲಿಲ್ಲ. ಮಾತಿಗೆ ಮಾತು ಬೆಳೆಯಿತು. ನಾವು ಬಸ್ಸಿನಲ್ಲಿ ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಚಿಕ್ಕಪ್ಪ ಗೋಡೆ ಎಬ್ಬಿಸಿ ಮೂರಡಿ ಮಾತ್ರ ಬಿಟ್ಟಿದ್ದರು. ಕಾರು ಒಳಗೇ ಉಳಿಯಿತು, ಅಪ್ಪ ಕೇಸು ಹಾಕಿದರು.

ಸ್ಥಳ ನೋಡಿ ವರದಿ ಕೊಡಲು ಕೋರ್ಟಿನಿಂದ ಒಬ್ಬ ಕಮಿಷನರ್ ಬರುತ್ತಾರೆ ಎಂದು ನಮ್ಮ ವಕೀಲರು ಹೇಳಿದರು. "ಅವರು ಬಂದಾಗ ಕಾರು ಓಡೋ ಸ್ಥಿತೀಲಿರ್ಬೇಕು ಸಾರ್. ಟೈರ್ ಕೂತಿದ್ರೆ, ಇದು ಗುಜರಿ, ಇದಕ್ಯಾಕೆ ದಾರಿ ಅಂತಾರೆ ಆ ಕಡೆಯವ್ರು." ಅಲ್ಲಿಗೆ ನನ್ನ ಭಾನುವಾರ ಮುಗಿಯಿತು.

ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತೇ ನಿವೃತ್ತರಾದವರು. ಸುಮಾರಾಗಿ ಎಂಬ ಮಾತು ಅವರ ಹತ್ತಿರ ನಡೆಯುವುದಿಲ್ಲ. ಬಿಸಿಲಿಗೆ ಟೈರು ಕಾದರೆ ಗೇಜು ಹೆಚ್ಚು ತೋರಿಸುತ್ತದೆ, ಅದಕ್ಕೆ ಆರೂವರೆಗೇ ಎಬ್ಬಿಸುತ್ತಾರೆ. ಮೂವತ್ತೆರಡು ಎಂದರೆ ಮೂವತ್ತೆರಡು. ಕರೆಂಟಿನ ಪಂಪು ತಂದುಕೊಟ್ಟೆ; ಅದರ ಮೀಟರನ್ನು ನಂಬಲಾಗದು ಎಂದು ಅಟ್ಟಕ್ಕೇರಿಸಿದರು. ಗಾಳಿ ಆದ ಮೇಲೆ ಅಪ್ಪ ಕಾರು ಚಾಲೂ ಮಾಡಿ ಎರಡಡಿ ಮುಂದಕ್ಕೆ ತರುತ್ತಾರೆ, ಮುಂದಿನ ವಾರ ಎರಡಡಿ ಹಿಂದಕ್ಕೆ. ಒಂದೇ ಕಡೆ ಭಾರ ಬಿದ್ದರೆ ಟೈರು ಚಪ್ಪಟೆಯಾಗುತ್ತದಂತೆ. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಬರಲಿ, ಬರಲಿ ಎನ್ನಬೇಕು. ನಮ್ಮ ಕುಟುಂಬದ ಪ್ರವಾಸ ಅಷ್ಟೇ.

ನನ್ನ ಕೆಲಸ ವೈಟ್‌ಫೀಲ್ಡಿನಲ್ಲಿ. ಹೋಗಲು ಎರಡು ಗಂಟೆ, ಬರಲು ಎರಡು. ಅಲ್ಲೇ ಒಂದು ರೂಮು ಹಿಡಿದು ಒಬ್ಬಳೇ ಇರಬೇಕೆಂದು ನನಗೆ ಬಹಳ ಆಸೆ. ಆದರೆ ಅಪ್ಪನ ಮಂಡಿ ಸವೆದಿದೆ, ಪಂಪು ತುಳಿಯಲಾರರು. ಅಮ್ಮನಿಗೆ ಆ ಕಾರು ಕಂಡರೇ ಆಗದು. "ಕಮಿಷನರ್ ಬಂದು ಹೋಗ್ಲಿ ಪುಟ್ಟಿ, ಆಮೇಲೆ ಹೋಗೋವಂತೆ" ಎನ್ನುತ್ತಾರೆ ಅಪ್ಪ. ಕಮಿಷನರು ಮೂರು ಸಲ ದಿನ ಕೊಟ್ಟರು, ಒಂದು ಸಲವೂ ಬರಲಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಅಮ್ಮ ಗೊಣಗುತ್ತಾಳೆ. ಪಂಪು ತುಳಿದವಳು ಏನಾದಳು ಎಂದು ಗಾದೆ ಕಟ್ಟಿದವರು ಹೇಳಿಲ್ಲ.

ಗೋಡೆಯಾಚೆಯೂ ಒಬ್ಬಳಿದ್ದಳು, ಚಿಕ್ಕಪ್ಪನ ಮಗಳು. ನಮ್ಮ ಟೈರು ಇಳಿದ ದಿನ ಸಾಕ್ಷಿ ಬೇಕಲ್ಲ, ಅದಕ್ಕೆ ಚಿಕ್ಕಪ್ಪ ಪ್ರತಿ ಭಾನುವಾರ ಫೋಟೋ ತೆಗೆಯಲು ಅವಳನ್ನು ತಾರಸಿಗೆ ಹತ್ತಿಸುತ್ತಿದ್ದರು. ಎರಡು ಮನೆಗೂ ಮಾತಿರಲಿಲ್ಲ. ಒಂದು ಭಾನುವಾರ ಅಪ್ಪನಿಗೂ ನನಗೂ ಜ್ವರ, ಏಳಲು ತಡವಾಯಿತು. ಅಂಗಳಕ್ಕೆ ಬಂದರೆ ಮೇಲಿನಿಂದ ಸಣ್ಣ ದನಿ.

"ಅಕ್ಕ, ಹಿಂದಿನ ಎಡಗಡೇದು ಪೂರ್ತಿ ಕೂತ್ಬಿಟ್ಟಿದೆ. ಅಪ್ಪ ಸ್ನಾನಕ್ಕೆ ಹೋಗಿದಾರೆ, ಬೇಗ ಹೊಡಿ."

ಜ್ವರದಲ್ಲೇ ತುಳಿದೆ. ಟೈರು ಎದ್ದು ನಿಂತ ಮೇಲೆ ಅವಳು ಫೋಟೋ ತೆಗೆದಳು. ಆಮೇಲಿನ ಭಾನುವಾರಗಳು ಅಷ್ಟು ಭಾರವೆನಿಸಲಿಲ್ಲ.

ಹೋದ ತಿಂಗಳು ನಾನು ಬಸ್ಸಿಗೆ ಹೊರಟಾಗ ಅವಳು ಬ್ಯಾಗು ಹೊತ್ತು ನಮ್ಮ ಮೂರಡಿ ಓಣಿಯ ತುದಿಯಲ್ಲಿ ಕಾಯುತ್ತಿದ್ದಳು.

"ಹೆಬ್ಬಗೋಡಿಲಿ ಕೆಲಸ ಸಿಕ್ತು ಅಕ್ಕ, ರೂಮೂ ಹಿಡಿದಿದೀನಿ. ಇನ್ಮೇಲೆ ಅಪ್ಪನೇ ಫೋಟೋ ತೆಗೀತಾರೆ, ಹುಷಾರು."

"ಮನೇಲಿ ಒಪ್ಪಿದ್ರಾ?"

"ಕೇಳಿದ್ರೆ ತಾನೆ ಒಪ್ಪೋದು." ನಕ್ಕಳು. ನಮ್ಮ ಓಣಿಯನ್ನೊಮ್ಮೆ ನೋಡಿ, "ಒಂಬತ್ತಡಿ ಬೇಕಾಗಿರೋದು ಕಾರಿಗೆ ಕಣಕ್ಕ. ನಿಂಗೆ ಮೂರಡಿ ಸಾಲದಾ?" ಎಂದಳು.

ಎರಡು ಗಂಟೆ ಬಸ್ಸಿನಲ್ಲಿ ಆ ಮಾತನ್ನೇ ಹೊತ್ತುಕೊಂಡು ಹೋದೆ. ಅವಳ ಮೇಲೆ ಹೊಟ್ಟೆಕಿಚ್ಚೂ ಆಯಿತು. ಈ ಭಾನುವಾರ ಹೇಳಿಯೇಬಿಡುತ್ತೇನೆ ಎಂದುಕೊಂಡೆ.

ಭಾನುವಾರ ತಾರಸಿಯ ಮೇಲೆ ಚಿಕ್ಕಪ್ಪನೇ ಫೋನು ಹಿಡಿದು ನಿಂತಿದ್ದರು. ಮೊದಲ ಟೈರು ಮೂವತ್ತೆರಡಕ್ಕೆ ಬಂತು. "ಅಪ್ಪ, ನಾನು ವೈಟ್‌ಫೀಲ್ಡಲ್ಲಿ..." ಎಂದು ಶುರು ಮಾಡಿದೆ. ಗೇಜು ನೋಡಲು ಕುಕ್ಕರಿಸಿದ್ದ ಅಪ್ಪ ಏಳಲಾಗದೆ ನನ್ನ ಭುಜ ಹಿಡಿದುಕೊಂಡರು. ನಾನು ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ.

"ನೀನಿರೋದಕ್ಕೇ ಕಣಮ್ಮ ನಾನು ಇನ್ನೂ ಧೈರ್ಯವಾಗಿರೋದು" ಎಂದರು.

ಬೈದಿದ್ದರೆ ಅವತ್ತೇ ಹೊರಟುಬಿಡುತ್ತಿದ್ದೆ. ಪಂಪು ಎತ್ತಿಕೊಂಡು ಎರಡನೇ ಟೈರಿನ ಹತ್ತಿರ ಹೋದೆ.