ತೆಂಕಣ ಹಗ್ಗದ ಚಂದಯ್ಯ

ಕೇಳುತ್ತಾ ಇದ್ದೀಯಲ್ಲ ರಮಿತಾ? ಊರಿನ ಕಥೆ ಬೇಕು ಅಂತ ಬಂದವಳು ನೀನೇ, ಪುಸ್ತಕ ಬೀಸಿ ಗಾಳಿ ಹಾಕಿಕೊಳ್ಳಬೇಡ, ಬರೆದುಕೋ. ಎಲ್ಲಿದ್ದೆ ನಾನು? ಹಾಂ, ಚಂದಯ್ಯನ ಕಣ್ಣು. ನನ್ನ ತಮ್ಮ ಅಂತ ಹೊಗಳುವುದಲ್ಲ ಮಗಾ, ಈ ಕೋಡಿ ಊರಲ್ಲಿ ಅವನಂಥ ಕಣ್ಣು ಇನ್ನೊಬ್ಬರಿಗೆ ಇರಲಿಲ್ಲ. ದಡದಿಂದಲೇ ಎಳೆಯುವ ಕೈರಂಪಣಿ ಬಲೆಯ ದಿನಗಳಲ್ಲಿ ದಡದ ಮೇಲೆ ನಿಂತು ನೀರು ನೋಡುವುದೇ ಅವನ ಕೆಲಸ. ನೀರು ತುಸು ಕಪ್ಪಾಯಿತೋ, ಅಡಿಯಲ್ಲಿ ಬಂಗುಡೆ ಮೀನಿನ ಹಿಂಡು. ಹೆಗಲ ಮೇಲಿನ ಕೆಂಪು ಬೈರಾಸು, ಅದೇ ಟವೆಲು, ಎತ್ತಿ ಬೀಸುತ್ತಿದ್ದ, ದೋಣಿಯವರು ಬಲೆ ಇಳಿಸುತ್ತಿದ್ದರು. ಒಂದು ದಿನವೂ ಅದನ್ನು ಸುಮ್ಮನೆ ಎತ್ತಿದವನಲ್ಲ.

ಬಲೆ ಎಳೆಯುವುದು ಹೇಗೆಂದು ನಿನಗೆ ಗೊತ್ತಿಲ್ಲ. ಜನ ಎರಡು ಸಾಲು ಆಗುತ್ತಾರೆ, ತೆಂಕಣ ಹಗ್ಗಕ್ಕೊಂದು, ಬಡಗಣ ಹಗ್ಗಕ್ಕೊಂದು. ನಮ್ಮ ಚಂದಯ್ಯನ ಹಾಗೆ ತೆಂಕಣದ್ದು ಹಿಡಿದವರು ಬಲೆ ದಡಕ್ಕೆ ಬರುವವರೆಗೂ ತೆಂಕಣದವರೇ. ನಡುವೆ ಬಿಟ್ಟು ಆಚೆ ಹೋದವನಿಗೆ ಮೀನಿನ ಪಾಲಿಲ್ಲ. ಚಂದಯ್ಯನ ಮೊಮ್ಮಗಳು ಮೋಕ್ಷಿತಾ ಸಣ್ಣವಳಿದ್ದಾಗ ಅವನ ಹೆಗಲೇರಿ, ಬೈರಾಸು ತಾನೇ ಬೀಸುತ್ತೇನೆ ಅಂತ ಹಟ ಮಾಡುತ್ತಿದ್ದಳು. ಅಪ್ಪ ಅಮ್ಮ ಮುಂಬೈಯ ಹೋಟೆಲಿನಲ್ಲಿ, ಸಾಕಿದ್ದು ಇವನೇ. ನಾನು ಮಾಡಿದ ಗೋಳಿಬಜೆ ಅಂದರೆ ಅವಳಿಗೆ... ಇರಲಿ, ಅದು ಬರೆಯಬೇಡ.

ಅವಳಿಗೆ ವಾಲಿಬಾಲ್ ಹುಚ್ಚು ಹಿಡಿಯಿತು. ಮಂಗಳೂರಿನ ಆಟಗಾರರ ಹಾಸ್ಟೆಲಿಗೆ ಹೊರಟ ದಿನ ಇವನು ಚಾವಡಿಯಲ್ಲೇ ಕೂತು ಕೂಗಿದ, “ಹೋಗ್, ಹೋಗ್! ಸೋತ್ ಬಾ, ಆಗ ಬುದ್ಧಿ ಬತ್ತ್!” ಅವಳು ತಿರುಗಿ ನೋಡಲಿಲ್ಲ. ಆಮೇಲೆ ಇಬ್ಬರಿಗೂ ಮಾತಿಲ್ಲ. ಅದೇ ಹೊತ್ತಿಗೆ ಇವನ ಕಣ್ಣು ಮಂಜಾಗುತ್ತ ಬಂತು. ಕಣ್ಣಿನ ನರ ಸತ್ತಿದೆ, ಇನ್ನು ಮದ್ದಿಲ್ಲ ಅಂದರು ಡಾಕ್ಟರು. “ನಮ್ ಹೆಣ್ಣಿಗ್ ಹೇಳ್ಬೇಡ ಅಕ್ಕ” ಅಂತ ನನ್ನ ಕೈ ಹಿಡಿದುಕೊಂಡ.

ಮೊನ್ನೆ ನಮ್ಮ ಕಡಲ ಕರೆಯ ಮರಳಲ್ಲೇ ಬೀಚ್ ವಾಲಿಬಾಲ್ ಪಂದ್ಯಾಟ ಬಂತಲ್ಲ, ಆಟವನ್ನೇ ಕಸುಬು ಮಾಡಿಕೊಂಡವರದ್ದು. ಒಂದೊಂದು ಬದಿಗೆ ಇಬ್ಬಿಬ್ಬರೇ. ಮೋಕ್ಷಿತಾಳ ಹೆಸರೂ ಇತ್ತು. ಇವನು ಬೆಳಿಗ್ಗೆಯೇ ಮಿಂದು, ಬೈರಾಸು ಹೆಗಲಿಗೆ ಹಾಕಿ ಹೊರಟ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದೆ.

“ಅಕ್ಕ, ನಮ್ ಹೆಣ್ ಯಾವ್ ಬದಿಯಂಗ್ ಇತ್ತ್?”

“ತೆಂಕ್ ಬದಿಯಂಗ್. ನೀಲಿ ಅಂಗಿ.”

“ನೀಲಿ ಗೀಲಿ ನಂಗ್ ಕಾಂತಿಲ್ಲೆ. ತೆಂಕ್ ಅಂದ್ಯಲೆ, ಸಾಕ್.”

ಹಿಂದಿನಿಂದ ಮೀನು ಮಾರುವ ಬೇಬಿ ಕೆಣಕಿದಳು, “ಹ್ವಾಯ್ ಚಂದಯ್ಯಣ್ಣ, ಬೈರಾಸ್ ಎಂತಕ್ಕೆ? ಇಲ್ ಬಂಗ್ಡಿ ಸಿಕ್ಕುದಿಲ್ಲೆ!”

“ನೀ ಬುಟ್ಟಿ ಹಿಡ್ಕಂಡ್ ಕೂಕೋ ಬೇಬಿ. ಸಿಕ್ರೆ ನಿಂಗೂ ಒಂದ್ ಪಾಲ್.”

ನನಗೆ ಆ ಬಿಸಿಲು ಆಗಲಿಲ್ಲ. ಹಿಂದೆ ಗಾಳಿಮರದ ನೆರಳಿಗೆ ಹೋದೆ. ಅಲ್ಲಿಂದ ಆಟ ಕಾಣುತ್ತಿತ್ತು, ಇವನದು ಬೆನ್ನು ಮಾತ್ರ. ಆಟ ಮುಗಿಯುವವರೆಗೂ ಬೈರಾಸು ಹೆಗಲಲ್ಲೇ ಇತ್ತು. ಖಾತ್ರಿಯಾಗದೆ ಎತ್ತುವವನಲ್ಲವಲ್ಲ. ಕಡೆಗೆ ಚೆಂಡು ಬಡಗು ಬದಿಯ ಮರಳಿಗೆ ಬಿತ್ತು. ಜನ ಹೋ ಎಂದರು. ಚೆಂಡು ಬಿದ್ದ ಸದ್ದಿನ ಮೇಲೆ ತೆಂಕಣದವರು ಗೆದ್ದರು ಅಂತ ತಿಳಿದು ಇವನು ಎದ್ದು ನಿಂತು, ಎರಡೂ ಕೈಯಲ್ಲಿ ಬೈರಾಸು ಬೀಸಿದ. ಹಿಂದೆ ಹಿಂಡು ಕಂಡಾಗ ಬೀಸುತ್ತಿದ್ದ ಹಾಗೆಯೇ.

ಮೋಕ್ಷಿತಾ ಬಡಗು ಬದಿಯಲ್ಲಿ ಮೊಣಕಾಲೂರಿ ಕೂತಿದ್ದಳು. ತಲೆ ಎತ್ತಿ ಆ ಬೈರಾಸು ನೋಡಿದಳು. ಮುಖದ ಮರಳನ್ನೂ ಒರೆಸಲಿಲ್ಲ. ಚೀಲ ಎತ್ತಿಕೊಂಡು ವ್ಯಾನಿನ ಕಡೆ ನಡೆದಳು.

ಮೈಕಿನಲ್ಲಿ ಗೆದ್ದವರ ಹೆಸರು ಕೂಗಿದಾಗಲೂ ಇವನ ಕೈ ಮೇಲೆಯೇ ಇತ್ತು. ನಾನು ಓಡಿ ಹತ್ತಿರ ಹೋದೆ.

“ಅಕ್ಕ, ಗೆದ್ದದ್ ನಮ್ ಹೆಣ್ಣಲ್ದಾ?”

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯವರು ಹೇಳಿದರು, “ಅಲ್ಲ ಅಜ್ಜಯ್ಯ. ಈ ಆಟ್ದಂಗೆ ಆಗಾಗ ಬದಿ ಬದ್ಲ್ ಮಾಡ್ತ್ರ್. ನಿಮ್ ಹೆಣ್ ಆಗ್ಳಿಕೇ ಬಡಗ್ ಬದಿಗ್ ಹೋಯ್ತಲೆ.”

“ಹಿಡ್ದ್ ಬದಿ ಬಿಟ್ಟ್ ಹೋಯ್ತಾ?” ಅಂದ ಚಂದಯ್ಯ. ಅಷ್ಟೇ. ಮನೆ ದಾರಿ ಹಿಡಿದ. ಬೈರಾಸನ್ನು ಮೊಳೆಗೆ ಸಿಕ್ಕಿಸಿದವನು ಇನ್ನೂ ಮುಟ್ಟಿಲ್ಲ. ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆಯಂತೆ. ಫೋನ್ ಮಾಡಿದರೆ ಅವಳು ನಮ್ಮ ನಂಬರು ಕಂಡು ಕಟ್ ಮಾಡುತ್ತಾಳೆ.

ಬರೆದದ್ದು ಸಾಕು ರಮಿತಾ, ಏಳು. ನಾಳೆ ನೀನು ಮಂಗಳೂರಿಗೆ ಹೋಗುವವಳಲ್ಲವಾ? ಆ ಮೊಳೆಯ ಮೇಲಿನ ಬೈರಾಸು ತೆಗೆದು ಚೀಲಕ್ಕೆ ಹಾಕಿಕೋ. ಹಾಸ್ಟೆಲಿಗೆ ಹೋಗಿ ಅವಳ ಕೈಗೇ ಕೊಡು. ಅಜ್ಜಯ್ಯ ಎತ್ತಿದ್ದು ನೀನು ಸೋತದ್ದಕ್ಕಲ್ಲ, ನೀನು ಇನ್ನೂ ತೆಂಕಣ ಬದಿಯಲ್ಲೇ ಇದ್ದಿ ಅಂತ, ಬದಿ ಬದಲಾದದ್ದು ಗೊತ್ತಿರಲಿಲ್ಲ ಅನ್ನು. ಕಣ್ಣಿನ ವಿಷಯ ಹೇಳಬಾರದು ಅಂದಿದ್ದಾನೆ. ನೀನು ಮೊದಲು ಅದನ್ನೇ ಹೇಳು.